ಊರು ನೋಡುವ ಮೊದಲು ಪಾದ ನೋಡಿಕೊಳ್ಳಿ

ನೀವು ದಿನಕ್ಕೆ ಎಷ್ಟು ದೂರ ನಡೆಯುತ್ತೀರಿ? ಬೆಳಗಿನ ವಾಕಿಂಗ್ ಅರ್ಧ ಗಂಟೆ, ಹಾಲಿಗೆ, ತರಕಾರಿಗೆ, ದೇವಸ್ಥಾನಕ್ಕೆ ಎಂದು ಇನ್ನೊಂದಿಷ್ಟು. ಎಲ್ಲ ಸೇರಿಸಿದರೂ ಮೂರು ನಾಲ್ಕು ಕಿಲೋಮೀಟರ್ ದಾಟುವವರು ಕಡಿಮೆ. ಈಗ ಇನ್ನೊಂದು ಪ್ರಶ್ನೆ. ನಾಳೆ ನಿಮ್ಮನ್ನು ಹದಿನಾಲ್ಕು ಹದಿನೈದು ಕಿಲೋಮೀಟರ್ ನಡೆಸಿದರೆ ಏನಾದೀತು? ಅದೂ ಉಬ್ಬುತಗ್ಗಿನ ಕಲ್ಲುಹಾಸಿನ ಮೇಲೆ, ರಾತ್ರಿ ನಿದ್ದೆಯಿಲ್ಲದೆ, ಕಾಲು ಊದಿಕೊಂಡಿರುವಾಗ, ಹೊಸ ಬೂಟು ತೊಡಿಸಿ? 'ಎಲ್ಲಾದರೂ ಉಂಟೇ ಡಾಕ್ಟ್ರೇ' ಎನ್ನುತ್ತೀರಿ. ಆದರೆ ಯೂರೋಪಿಗೆ ಮೊದಲ ಸಲ ಹೋದವರಲ್ಲಿ ಅನೇಕರು ಮೊದಲ ದಿನ ಮಾಡಿಕೊಳ್ಳುವುದು ಇದನ್ನೇ. ಜೊತೆಯಲ್ಲಿ ಯಾರಾದರೂ ಇದ್ದರೆ 'ಸಾಕು, ಕೂತ್ಕೊಳ್ಳೋಣ' ಎಂದು ಹೇಳಿಯಾರು. ಒಬ್ಬರೇ ಹೋದವರಿಗೆ ಆ ಮಾತು ಹೇಳುವವರೂ ಇಲ್ಲ.

2024ರ ಮಾರ್ಚ್‌ನಲ್ಲಿ ನನ್ನ ಚಿಕಿತ್ಸಾಲಯಕ್ಕೆ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಬಂದಿದ್ದರು. ವಯಸ್ಸು 61. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ, ಎರಡು ಬಗೆಯ ಮಾತ್ರೆ. ಮಗ ಜರ್ಮನಿಯಲ್ಲಿದ್ದಾನೆ. ಅವನ ಮನೆಗೆ ಹೋಗುವ ಮುನ್ನ ನಾಲ್ಕು ದಿನ ರೋಮ್ ನಗರದಲ್ಲಿ ಇಳಿದುಕೊಳ್ಳುವುದು ಅವರ ಯೋಜನೆ. 'ಮೂವತ್ತು ವರ್ಷ ಮಕ್ಕಳಿಗೆ ರೋಮನ್ ಸಾಮ್ರಾಜ್ಯದ ಪಾಠ ಮಾಡಿದ್ದೇನೆ. ಬೋರ್ಡಿನ ಮೇಲೆ ಕೊಲೋಸಿಯಂ ಚಿತ್ರ ಬರೆದು ಬರೆದು ಕೈ ಸವೆದಿದೆ. ಒಂದು ಸಲ ಕಣ್ಣಾರೆ ನೋಡಬೇಕು. ಮಗನಿಗೆ ರಜೆ ಇಲ್ಲ, ಒಬ್ಬಳೇ ಹೋಗುತ್ತೇನೆ. ಹೋಗಬಹುದಲ್ಲವೇ?' ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ನಾಲ್ಕು ದಿನ ಅವರು ನಡೆದದ್ದು, ತಿಂದದ್ದು, ಕೂತದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೇಷ್ಟ್ರ ಅಭ್ಯಾಸ!

ರಕ್ತದೊತ್ತಡ, ಹೃದಯ ಸರಿಯಾಗಿದ್ದವು. ನಾನು ಅವರಿಗೆ ಚಪ್ಪಲಿ ಬಿಡಲು ಹೇಳಿದೆ. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸಲು ನಮ್ಮ ಬಳಿ ಒಂದು ಸಣ್ಣ ನೈಲಾನ್ ಎಳೆ ಇರುತ್ತದೆ. ಅದನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಒತ್ತಿ, ರೋಗಿ ಕಣ್ಣು ಮುಚ್ಚಿಕೊಂಡು 'ಹೂಂ' ಎನ್ನಬೇಕು. ಬಲಗಾಲಿನಲ್ಲಿ ಎರಡು ಕಡೆ ಅವರು 'ಹೂಂ' ಎನ್ನಲಿಲ್ಲ. ಕಿರುಬೆರಳಿನ ಬುಡದಲ್ಲಿ ಸ್ಪರ್ಶ ಮಂದವಾಗಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಇದು ಏಕೆ ಮುಖ್ಯ ಎಂದು ನೀವು ಕೇಳಬಹುದು. ನಿಮಗೆ ಬೂಟು ಕಚ್ಚಿದರೆ ನೋವು ತಿಳಿಯುತ್ತದೆ, ಕುಂಟುತ್ತೀರಿ, ನಿಲ್ಲುತ್ತೀರಿ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದು ನರಗಳು ಮಂಕಾದವರಿಗೆ ಆ ನೋವೆಂಬ ಕಾವಲುಗಾರ ಇರುವುದಿಲ್ಲ. ಗುಳ್ಳೆ ಎದ್ದು, ಒಡೆದು, ಹುಣ್ಣಾಗಿ, ಕಾಲುಚೀಲಕ್ಕೆ ಕೀವು ಅಂಟಿದ ಮೇಲೆ ಗೊತ್ತಾಗುತ್ತದೆ. ಬೆರಳು ಕಳೆದುಕೊಂಡವರಲ್ಲಿ ಎಷ್ಟೋ ಮಂದಿಯ ಕಥೆ ಶುರುವಾಗಿರುವುದು ಒಂದು ಜೊತೆ ಹೊಸ ಬೂಟಿನಿಂದ. ಆದ್ದರಿಂದ ನಾನು 'ಹೋಗಬೇಡಿ' ಎನ್ನಲಿಲ್ಲ, 'ರಾತ್ರಿ ಮಲಗುವ ಮುನ್ನ ಕೈಗನ್ನಡಿ ಹಿಡಿದು ಎರಡೂ ಅಂಗಾಲು ನೋಡಿಕೊಳ್ಳಿ' ಎಂದೆ. ಕನ್ನಡಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದನ್ನು ಫೋನಿನಲ್ಲಿ ತಿಳಿಸಿದರು ಕೂಡ.

ಬೂಟಿನ ವಿಷಯ ಹೇಳಿಬಿಡುತ್ತೇನೆ. ಪ್ರಯಾಣದ ಹಿಂದಿನ ದಿನ ಬೂಟು ಕೊಳ್ಳುವುದು ನಮ್ಮ ಜನಕ್ಕೆ ಹಬ್ಬದ ಬಟ್ಟೆ ಕೊಂಡ ಹಾಗೆ. ಅದು ತಪ್ಪು. ಕನಿಷ್ಠ ಒಂದೂವರೆ ತಿಂಗಳ ಮೊದಲೇ ಕೊಳ್ಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಏಕೆಂದರೆ ಆ ವೇಳೆಗೆ ಪಾದ ಸ್ವಲ್ಪ ಊದಿರುತ್ತದೆ. ನೀವು ಹಾಕಿಕೊಳ್ಳುವ ಕಾಲುಚೀಲ ತೊಟ್ಟೇ ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಮೊದಲು ಮನೆಯೊಳಗೆ, ಆಮೇಲೆ ಬೀದಿಯಲ್ಲಿ, ದಿನದಿನಕ್ಕೆ ದೂರ ಹೆಚ್ಚಿಸುತ್ತ ತೊಟ್ಟು ಪಳಗಿಸಿ. ಬೂಟು ಪಳಗುವುದರ ಜೊತೆ ನಿಮ್ಮ ಮೀನಖಂಡ, ಹಿಮ್ಮಡಿಗಳೂ ಪಳಗುತ್ತವೆ. ನಮ್ಮ ಟೀಚರ್ ಬೂಟು ಕೊಂಡದ್ದು ಹೊರಡುವ ಹತ್ತು ದಿನ ಮೊದಲು. ಹಾಕಿ ನಡೆದದ್ದು ಮೂರು ದಿನ.

ಗಡಿಯಾರ ಬೇರೆ, ಹೊಟ್ಟೆ ಬೇರೆ

ಏಪ್ರಿಲ್ ಕೊನೆಯ ವಾರ ಅವರು ರೋಮ್‌ನಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ. ವಿಮಾನ ಬದಲಾಯಿಸಿದ್ದೂ ಸೇರಿ ಹದಿನಾರು ಗಂಟೆಯ ಪ್ರಯಾಣ. ರೈಲು ನಿಲ್ದಾಣ ಟೆರ್ಮಿನಿಯ ಹತ್ತಿರ ಒಂದು ಸಣ್ಣ ಹೋಟೆಲು. ಕೋಣೆಗೆ ಪೆಟ್ಟಿಗೆ ಹಾಕಿದವರೇ ಹೊರಟುಬಿಟ್ಟರು. 'ಕೊಲೋಸಿಯಂ ಒಂದೂವರೆ ಕಿಲೋಮೀಟರ್ ಅಷ್ಟೇ ಅಂತ ನಕ್ಷೆಯಲ್ಲಿ ಇತ್ತು. ಮಲಗಲು ಮನಸ್ಸು ಬರುತ್ತದೆಯೇ ಹೇಳಿ' ಎಂದು ನನ್ನನ್ನೇ ಕೇಳಿದರು. ನನಗೂ ಬರುತ್ತಿರಲಿಲ್ಲವೇನೋ.

ಅಂದು ಅವರು ಕೊಲೋಸಿಯಂ ಸುತ್ತಿ, ರೋಮನ್ ಫೋರಂನ ಪಕ್ಕದ ದೊಡ್ಡ ರಸ್ತೆಯಲ್ಲಿ ವೆನಿಸ್ ಚೌಕಕ್ಕೆ ಹೋಗಿ, ಅಲ್ಲಿಂದ ಟ್ರೆವಿ ಕಾರಂಜಿ ನೋಡಿ, ಸ್ಪ್ಯಾನಿಷ್ ಮೆಟ್ಟಿಲುಗಳನ್ನು ಹತ್ತಿ ಇಳಿದು ಹೋಟೆಲಿಗೆ ಹಿಂತಿರುಗಿದರು. ನಕ್ಷೆಯ ಮೇಲೆ ಆರೇಳು ಕಿಲೋಮೀಟರ್. ದಾರಿ ತಪ್ಪಿದ್ದು, ಹಿಂದೆ ಮುಂದೆ ಅಡ್ಡಾಡಿದ್ದು ಸೇರಿ ಅವರ ಫೋನ್ ತೋರಿಸಿದ್ದು ಹತ್ತೊಂಬತ್ತು ಸಾವಿರ ಹೆಜ್ಜೆ. ಅಂದರೆ ಹದಿಮೂರು ಕಿಲೋಮೀಟರಿನಷ್ಟು. (ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಪ್ರಸಿದ್ಧವಾದದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ವೈದ್ಯರು ಕೊಟ್ಟ ಲೆಕ್ಕ ಅದಲ್ಲ.)

ಬೆಂಗಳೂರಿಗೂ ರೋಮ್‌ಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ ಐದಾದಾಗ ನಿಮ್ಮ ಹೊಟ್ಟೆಗೆ ರಾತ್ರಿ ಎಂಟೂವರೆ, ಊಟದ ಹೊತ್ತು. ಆದರೆ ರೋಮ್‌ನ ಬಹುತೇಕ ಊಟದ ಮನೆಗಳು ಮಧ್ಯಾಹ್ನದ ಊಟ ಮುಗಿಸಿ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಸಂಜೆ ಏಳು, ಏಳೂವರೆಗೆ. ಆಗ ನಿಮ್ಮ ದೇಹಕ್ಕೆ ರಾತ್ರಿ ಹನ್ನೊಂದು! ಆರೋಗ್ಯವಂತರಿಗೆ ಇದು ಬರೀ ಹಸಿವಿನ ಪ್ರಶ್ನೆ. ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯದ ಪ್ರಶ್ನೆ. ಟೀಚರ್ ಕೈಗಡಿಯಾರವನ್ನು ಭಾರತದ ಸಮಯಕ್ಕೇ ಬಿಟ್ಟಿದ್ದರು. ರಾತ್ರಿಯ ಮಾತ್ರೆಯನ್ನು 'ಸಮಯಕ್ಕೆ ಸರಿಯಾಗಿ' ಸಂಜೆ ಐದಕ್ಕೆ ನುಂಗಿ, ಊಟ ಹುಡುಕಲು ಹೊರಟರು. ಬಾಗಿಲು ತೆರೆದ ಹೋಟೆಲು ಸಿಗಲಿಲ್ಲ. ಅಷ್ಟು ನಡೆದ ದೇಹ ಸಕ್ಕರೆಯನ್ನು ಆಗಲೇ ಖರ್ಚು ಮಾಡಿಕೊಂಡಿತ್ತು. ಆರೂವರೆಗೆ ಒಂದು ಬೀದಿಯ ಮೂಲೆಯಲ್ಲಿ ಬೆವರು, ಕೈನಡುಕ, ಕಣ್ಣು ಕತ್ತಲೆ.

ಇಂಥ ಹೊತ್ತಿನಲ್ಲಿ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ. ಪರಊರಿನಲ್ಲಿ ನೋಡಿದವರು ಕುಡಿದಿರಬೇಕು ಎಂದು ದೂರ ಸರಿದುಬಿಡಬಹುದು. ಅವರ ಅದೃಷ್ಟಕ್ಕೆ ಕೈಚೀಲದಲ್ಲಿ ನಾನು ಹೇಳಿ ಇಡಿಸಿದ್ದ ಸಕ್ಕರೆ ಪೊಟ್ಟಣ ಇತ್ತು. ನೆನಪಿಡಿ: ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ಒಡನೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಇದ್ದಲ್ಲೇ ಕೂರಬೇಕು. ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೆ ಅಷ್ಟೇ. ಚೇತರಿಸಿದ ಮೇಲೆ ಬಿಸ್ಕತ್ತು, ಬ್ರೆಡ್ಡು, ಚಪಾತಿ ಏನಾದರೂ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಮತ್ತೆ ಇಳಿಯುತ್ತದೆ. ಬಹಳ ನಡೆದ ದಿನ ಈ ತೊಂದರೆ ಮಧ್ಯರಾತ್ರಿ ನಿದ್ದೆಯಲ್ಲೂ ಬರಬಹುದು. ಒಬ್ಬರೇ ಮಲಗಿರುವ ಕೋಣೆಯಲ್ಲಿ ಅದನ್ನು ನೋಡುವವರು ಯಾರು? ಹಾಗಾಗಿ ಮಲಗುವ ಮುನ್ನ ಒಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳಿ, ದಿಂಬಿನ ಪಕ್ಕದಲ್ಲೂ ಸಕ್ಕರೆ ಇಟ್ಟುಕೊಳ್ಳಿ.

ಇವರು ನುಂಗುತ್ತಿದ್ದಂಥ ಮಾತ್ರೆಯನ್ನು ಊಟ ಎದುರಿಗೆ ಬಂದ ಮೇಲೆ ತೆಗೆದುಕೊಳ್ಳಬೇಕು, ಗಡಿಯಾರ ನೋಡಿ ಅಲ್ಲ. ಪಶ್ಚಿಮಕ್ಕೆ ಹೋದಾಗ ಆ ದಿನ ಮೂರೂವರೆ ಗಂಟೆ ಉದ್ದವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಉದ್ದದ ದಿನಕ್ಕೆ ಪ್ರಮಾಣ ಹೇಗೆ ಹೊಂದಿಸಬೇಕು ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ನನ್ನು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕಬೇಡಿ, ಹೆಪ್ಪುಗಟ್ಟಿ ಕೆಡಬಹುದು. ಕೈಚೀಲದಲ್ಲಿ, ವೈದ್ಯರ ಚೀಟಿಯ ಜೊತೆ ಇರಲಿ.

ಆ ರಾತ್ರಿ ಕನ್ನಡಿಯಲ್ಲಿ ಕಂಡದ್ದು: ಬಲಗಾಲಿನ ಕಿರುಬೆರಳ ಬುಡದಲ್ಲಿ ನಾಲ್ಕಾಣೆ ಅಗಲದ ನೀರುಗುಳ್ಳೆ. ನೋವಿಲ್ಲ. ಕನ್ನಡಿ ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಗಂಗೆಯ ಎದುರು ಒಂದು ದಿನ

ನನಗೆ ಫೋನು ಬಂತು. ಇಲ್ಲಿ ರಾತ್ರಿ ಒಂದೂವರೆ. 'ಸೂಜಿಯಲ್ಲಿ ಚುಚ್ಚಿ ನೀರು ತೆಗೆಯಲೇ? ನಮ್ಮಮ್ಮ ಹಾಗೇ ಮಾಡುತ್ತಿದ್ದರು' ಎಂದರು. ಬೇಡವೇ ಬೇಡ ಎಂದೆ. ಗುಳ್ಳೆಯ ಮೇಲಿನ ಚರ್ಮವೇ ಒಳ್ಳೆಯ ಪಟ್ಟಿ. ಅದಿರುವವರೆಗೆ ಒಳಗೆ ಸೋಂಕು ಹೋಗುವುದು ಕಷ್ಟ. ಸೋಪು ನೀರಿನಲ್ಲಿ ಮೃದುವಾಗಿ ತೊಳೆದು, ಒರೆಸಿ, ಮೇಲೆ ಮೆತ್ತನೆಯ ಪಟ್ಟಿ ಹಾಕಬೇಕು, ಆ ಬೂಟನ್ನು ಮತ್ತೆ ತೊಡಬಾರದು. ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಜ್ವರ ಬಂದರೆ ಮರುದಿನಕ್ಕೆ ಕಾಯದೆ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಸಣ್ಣ ಗುಳ್ಳೆಗೆ ಇದೇ ಉಪಚಾರ.

ಇಟಲಿಯ ಔಷಧದ ಅಂಗಡಿಯನ್ನು ದೂರದಿಂದಲೇ ಗುರುತಿಸಬಹುದು. ಹಸಿರು ಬಣ್ಣದ ಶಿಲುಬೆಯಾಕಾರದ ದೀಪ, 'ಫಾರ್ಮಚೀಯ' ಎಂಬ ಫಲಕ. ಮಾರನೆಯ ಬೆಳಿಗ್ಗೆ ಟೀಚರ್ ಅಲ್ಲಿಗೆ ಹೋಗಿ ಬೆರಳು ತೋರಿಸಿದರು. ಮಾತು ಬೇಕಾಗಲಿಲ್ಲ, ಗುಳ್ಳೆಗೆಂದೇ ಮಾಡಿದ ಪಟ್ಟಿ ಸಿಕ್ಕಿತು. ಜೊತೆಗೆ ಒಯ್ದಿದ್ದ ಹಳೆಯ, ಅಗಲ ಮೂತಿಯ ಬೂಟನ್ನು ತೊಟ್ಟರು. ಹಳೆಯ ಜೋಡನ್ನು ಪೆಟ್ಟಿಗೆಗೆ ಹಾಕಿಕೊಂಡದ್ದು ಅವರು ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ.

'ಇವತ್ತು ನಡೆಯುವ ಹಾಗಿಲ್ಲ. ಆದರೆ ಕೋಣೆಯಲ್ಲೂ ಕೂರಬೇಡಿ, ಬಸ್ಸಿನಲ್ಲಿ ಒಂದೇ ಜಾಗಕ್ಕೆ ಹೋಗಿ ಅಲ್ಲೇ ಕೂತುಬಿಡಿ' ಎಂದಿದ್ದೆ. ಅವರು ಆರಿಸಿಕೊಂಡದ್ದು ನವೋನ ಚೌಕ. ಚಕ್ರವರ್ತಿ ಡೊಮಿಷಿಯನ್ ಕಾಲದಲ್ಲಿ ಅದು ಓಟದ ಪಂದ್ಯಗಳ ಕ್ರೀಡಾಂಗಣ, ಈಗಲೂ ಚೌಕದ ಆಕಾರ ಉದ್ದುದ್ದವಾಗಿ ಹಾಗೆಯೇ ಉಳಿದಿದೆ. ನಡುವೆ ಬರ್ನಿನಿ ಎಂಬ ಶಿಲ್ಪಿ ರೂಪಿಸಿದ, 1651ರಲ್ಲಿ ಪೂರ್ಣಗೊಂಡ ನಾಲ್ಕು ನದಿಗಳ ಕಾರಂಜಿ. ಡ್ಯಾನ್ಯೂಬ್, ನೈಲ್, ದಕ್ಷಿಣ ಅಮೆರಿಕದ ರಿಯೊ ದ ಲಾ ಪ್ಲಾಟಾ, ನಾಲ್ಕನೆಯದು ನಮ್ಮ ಗಂಗೆ! ಆದರೆ ಇಲ್ಲಿ ಗಂಗೆ ತಾಯಿಯಲ್ಲ, ಕೈಯಲ್ಲಿ ಹುಟ್ಟು ಹಿಡಿದ ಗಡ್ಡದ ಗಂಡಸು. 'ಗಂಗಮ್ಮನಿಗೆ ಗಡ್ಡ ಬಂದಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಎರಡು ಗಂಟೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹಿಂದಿನ ದಿನ ಅಷ್ಟೆಲ್ಲ ಸುತ್ತಿ ನೋಡಿದ್ದು ಈಗ ನೆನಪಿಲ್ಲ, ಇದು ನೆನಪಿದೆ' ಎಂದು ಬರೆದುಕೊಂಡಿದ್ದಾರೆ. ಸಂಜೆ ಬಿಸಿಲು ಇಳಿಯುವವರೆಗೂ ಹೊರಗೆ ಇದ್ದುದರಿಂದ ಇನ್ನೊಂದು ಲಾಭವೂ ಆಯಿತು. ಪಶ್ಚಿಮಕ್ಕೆ ಹೋದವರಿಗೆ ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಸಂಜೆಯ ಬೆಳಕಿನಲ್ಲಿ ಇದ್ದಷ್ಟೂ ದೇಹದ ಒಳಗಡಿಯಾರ ಬೇಗ ಹೊಂದಿಕೊಳ್ಳುತ್ತದೆ.

ಅಲ್ಲಿ ಅವರು ಕಲಿತ ಇನ್ನೊಂದು ವಿಷಯ ನೀರಿನದು. ರೋಮ್‌ನ ಬೀದಿಗಳಲ್ಲಿ ಎರಡೂವರೆ ಸಾವಿರದಷ್ಟು ಬೀಡುಕಬ್ಬಿಣದ ಸಣ್ಣ ನಲ್ಲಿಕಂಬಗಳಿವೆ. ಮೂಗಿನಂಥ ಬಾಗಿದ ಕೊಳವೆ ಇರುವುದರಿಂದ ಜನ ಅವನ್ನು 'ನಾಸೋನಿ', ಅಂದರೆ ದೊಡ್ಡ ಮೂಗುಗಳು ಎನ್ನುತ್ತಾರೆ. 1870ರ ದಶಕದಿಂದ ಹಾಕಿದ ಇವುಗಳಲ್ಲಿ ಹಗಲೂ ರಾತ್ರಿ ಹರಿಯುವುದು ಕುಡಿಯುವ ನೀರೇ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಾಯಿಟ್ಟು ಕುಡಿಯಬಹುದು. 'ನೋನ್ ಪೊತಾಬಿಲೆ' ಎಂದು ಬರೆದಿರುವಲ್ಲಿ ಮಾತ್ರ ಕುಡಿಯಬಾರದು.

ಆದರೆ ನೀರು ಬಿಟ್ಟಿ ಸಿಕ್ಕರೂ ನಮ್ಮ ಹೆಂಗಸರು ಕುಡಿಯುವುದಿಲ್ಲ. ಕಾರಣ ನಿಮಗೆ ಗೊತ್ತು, ಹೇಳಲು ಸಂಕೋಚ: ಶೌಚಾಲಯ ಎಲ್ಲಿ ಸಿಗುತ್ತದೋ ಎಂಬ ಭಯ. ಹೀಗೆ ದಿನವಿಡೀ ಬಾಯಿ ಒಣಗಿಸಿಕೊಂಡು ತಿರುಗಿ ತಲೆನೋವು, ಮಲಬದ್ಧತೆ, ಮೂತ್ರದ ಉರಿ ತಂದುಕೊಂಡವರನ್ನು ನಾನು ಎಷ್ಟೋ ನೋಡಿದ್ದೇನೆ. ಅಲ್ಲಿ 'ಬಾರ್' ಎಂದರೆ ಹೆಂಡದಂಗಡಿಯಲ್ಲ, ಕಾಫಿಯಂಗಡಿ. ನಿಂತುಕೊಂಡು ಕುಡಿಯುವ ಒಂದು ಕಾಫಿಗೆ ಹೆಚ್ಚು ಬೆಲೆಯಿಲ್ಲ, ಗಿರಾಕಿಯಾದರೆ ಶೌಚಾಲಯ ಕೇಳಲು ಮುಜುಗರವಿಲ್ಲ. ಎರಡು ಗಂಟೆಗೊಮ್ಮೆ ಇದನ್ನು ದಿನಚರಿಯ ಭಾಗವೆಂದೇ ಇಟ್ಟುಕೊಳ್ಳಿ. ನೀರೂ ಹೋಗುತ್ತದೆ, ಕಾಲಿಗೂ ವಿಶ್ರಾಂತಿ. ಊಟದ ಮನೆಗಳು ಮುಚ್ಚಿರುವ ಹೊತ್ತಿನಲ್ಲಿ ತುಂಡು ಲೆಕ್ಕದಲ್ಲಿ ಪೀಜಾ ಮಾರುವ ಅಂಗಡಿಗಳು ತೆರೆದಿರುತ್ತವೆ. ಸಸ್ಯಾಹಾರಿಗಳು 'ಮರಿನಾರ' ಕೇಳಿದರೆ ಟೊಮೆಟೊ, ಬೆಳ್ಳುಳ್ಳಿ ಹಾಕಿದ್ದು ಸಿಗುತ್ತದೆ. ಚೀಲದಲ್ಲಿ ಮಾತ್ರ ಯಾವಾಗಲೂ ಸ್ವಲ್ಪ ಒಗ್ಗರಣೆ ಅವಲಕ್ಕಿಯೋ ಹುರಿಗಡಲೆಯೋ ಇರಲಿ.

ಕಪ್ಪು ಕಲ್ಲಿನ ಬೀದಿ

ಹಳೆಯ ರೋಮ್‌ನ ಬೀದಿಗಳಿಗೆ ಹಾಸಿರುವುದು 'ಸಂಪಿಯೆತ್ರೀನಿ' ಎಂಬ ಮುಷ್ಟಿಗಾತ್ರದ ಕಪ್ಪು ಕಲ್ಲು. ಜ್ವಾಲಾಮುಖಿಯ ಶಿಲೆ. ನೋಡಲು ಚೆಂದ, ನಡೆಯಲು ಕಷ್ಟ. ಪ್ರತಿ ಹೆಜ್ಜೆಗೂ ಪಾದ ಬೇರೆ ಬೇರೆ ಕೋನದಲ್ಲಿ ಊರುವುದರಿಂದ ಹರಡು ಉಳುಕುವುದು ಸುಲಭ. ಮಳೆ ಬಂದರಂತೂ ಎಣ್ಣೆ ಸವರಿದ ಹಾಗೆ. ತೆಳು ಅಟ್ಟೆಯ ಚಪ್ಪಲಿ, ಎತ್ತರದ ಹಿಮ್ಮಡಿ ಎರಡೂ ಬೇಡ. ಮೇಲೆ ಗೋಪುರ ನೋಡಬೇಕಾದರೆ ನಿಂತು ನೋಡಿ, ನಡೆಯುವಾಗ ನೆಲ ನೋಡಿ. ಮೆಟ್ಟಿಲು ಹತ್ತುವಾಗ ಎದೆಗೆ ಕೆಲಸ, ಇಳಿಯುವಾಗ ಮಂಡಿಗೆ ಕೆಲಸ. ಸ್ಪ್ಯಾನಿಷ್ ಮೆಟ್ಟಿಲುಗಳು 135. ಮಂಡಿನೋವಿನವರು ಅಂಚಿಗೆ ಸರಿದು ನಿಧಾನವಾಗಿ ಇಳಿಯಿರಿ. ಸುಸ್ತಾಯಿತೆಂದು ಅಲ್ಲಿಯೇ ಕೂರಬೇಡಿ, 2019ರಿಂದ ಆ ಮೆಟ್ಟಿಲ ಮೇಲೆ ಕೂರುವುದಕ್ಕೆ ದಂಡವಿದೆ.

ಒಂದು ಅಪಾಯವನ್ನು ಯಾರೂ ಕಾಯಿಲೆಯ ಪಟ್ಟಿಗೆ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಇಟಲಿಯಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಾವು ಹುಟ್ಟಿದಾರಭ್ಯ ರಸ್ತೆಗೆ ಇಳಿಯುವಾಗ ಮೊದಲು ಬಲಕ್ಕೆ ನೋಡಿ ಅಭ್ಯಾಸ. ಅಲ್ಲಿ ಮೊದಲ ವಾಹನ ಬರುವುದು ಎಡದಿಂದ. ನಿದ್ದೆಗೆಟ್ಟ ಮೊದಲ ದಿನ ಈ ಅಭ್ಯಾಸ ಪ್ರಾಣಕ್ಕೆ ಎರವಾಗಬಹುದು. ಟೀಚರ್ ಸ್ಕೂಟರೊಂದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡದ್ದು ವೆನಿಸ್ ಚೌಕದಲ್ಲಿ, ಮೊದಲ ದಿನವೇ. ಆಮೇಲೆ ಎಡಗೈ ಮೇಲೆ ಪೆನ್ನಿನಿಂದ 'ಎಡ' ಎಂದು ಬರೆದುಕೊಂಡೇ ಓಡಾಡಿದರಂತೆ.

ಮೂರನೆಯ ದಿನ ಅವರು ಮತ್ತೆ ನಡೆದರು. ನಲವತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕೂರುವುದು. ಮಧ್ಯಾಹ್ನ ಕೋಣೆಗೆ ಬಂದು ಕಾಲುಗಳನ್ನು ದಿಂಬಿನ ಮೇಲಿಟ್ಟು ಒಂದು ಗಂಟೆ ಮಲಗಿದರು, ಕಾಲುಚೀಲ ಬದಲಾಯಿಸಿದರು, ಪಟ್ಟಿ ನೋಡಿಕೊಂಡರು. ಪ್ಯಾಂಥಿಯನ್, ಅಲ್ಲಿಂದ ನಿಧಾನವಾಗಿ ನದಿ ದಾಟಿ ಸಂತ ಪೀಟರ್ ಚೌಕ. ಒಟ್ಟು ಒಂಬತ್ತು ಸಾವಿರ ಹೆಜ್ಜೆ. ಮೊದಲ ದಿನದ ಅರ್ಧಕ್ಕಿಂತ ಕಡಿಮೆ.

ಒಬ್ಬರೇ ಹೊರಟವರ ಜೇಬಿನಲ್ಲಿ ಒಂದು ಚೀಟಿ ಇರಲಿ. ನಿಮ್ಮ ಹೆಸರು, ಹೋಟೆಲಿನ ವಿಳಾಸ, ಮನೆಯವರ ಫೋನು, ಕಾಯಿಲೆ, ಔಷಧಗಳ ರಾಸಾಯನಿಕ ಹೆಸರು. ನಮ್ಮ ಕಂಪನಿಗಳ ಹೆಸರು ಅಲ್ಲಿ ಯಾರಿಗೂ ತಿಳಿಯದು. ಸಕ್ಕರೆ ಕಾಯಿಲೆಯ ಹೆಂಗಸರು 'ಸೋನೋ ದಿಯಾಬೇತಿಕಾ', ಗಂಡಸರು 'ಸೋನೋ ದಿಯಾಬೇತಿಕೋ' ಎಂದು ಕಲಿತುಕೊಳ್ಳಿ. ತುರ್ತಿಗೆ 112 ಒತ್ತಿದರೆ ಸಾಕು, ಯೂರೋಪ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಇದೇ ಸಂಖ್ಯೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಮಾಡಿಸಲೇಬೇಕು. ಎಲ್ಲರೂ ಮಾಡಿಸುತ್ತಾರೆ, ಓದುವವರಿಲ್ಲ. ಮೊದಲೇ ಇರುವ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ.

ಇನ್ನೊಂದು ಮಾತು. ದೀರ್ಘ ವಿಮಾನ ಪ್ರಯಾಣದ ಬಳಿಕ ಎರಡೂ ಪಾದ ಸಮನಾಗಿ ಊದಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ನಡಿಗೆಯ ನೋವೆಂದು ತಿಕ್ಕಿಸಿಕೊಳ್ಳಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಪ್ರಯಾಣ ಮುಗಿದು ವಾರ ಕಳೆದ ಮೇಲೂ ಇದು ಕಾಣಿಸಿಕೊಳ್ಳಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಸ್ಪತ್ರೆಯೇ ಗತಿ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಡೆಯುವುದು, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು ಇದಕ್ಕಾಗಿಯೇ.

ಜರ್ಮನಿಯಿಂದ ಹಿಂತಿರುಗಿದ ಮೇಲೆ ಟೀಚರ್ ನನ್ನಲ್ಲಿಗೆ ಬಂದರು. ಗುಳ್ಳೆ ಒಣಗಿ, ಚರ್ಮ ಸುಲಿದು, ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ನೈಲಾನ್ ಎಳೆಗೆ ಆ ಎರಡು ಜಾಗ ಈಗಲೂ 'ಹೂಂ' ಎನ್ನಲಿಲ್ಲ, ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಅವರ ಮನಸ್ಸಿನಲ್ಲಿ ಬೇರೆಯೇ ಪ್ರಶ್ನೆ ಇತ್ತು. ಸಂತ ಪೀಟರ್ ಬೆಸಿಲಿಕದ ಗುಮ್ಮಟಕ್ಕೆ 551 ಮೆಟ್ಟಿಲು. ಫಲಕ ಓದಿ ಹಿಂತಿರುಗಿದ್ದರು. 'ಮುಂದಿನ ಸಲ ಹತ್ತಬಹುದೇ?'

ಲಿಫ್ಟಿನಲ್ಲಿ ಅರ್ಧ ಹೋದರೂ 320 ಮೆಟ್ಟಿಲು ಉಳಿಯುತ್ತದೆ ಎಂದೆ. ಮೇಲೆ ಹೋದಂತೆ ದಾರಿ ಕಿರಿದು, ಗೋಡೆ ಓರೆ, ಹಿಂದಿನಿಂದ ಜನ ಬರುತ್ತಿರುತ್ತಾರೆ, ನಡುವೆ ತಿರುಗಿ ಇಳಿಯುವುದು ಕಷ್ಟ. ಹೃದಯದ ತೊಂದರೆ, ತಲೆಸುತ್ತು, ಇಕ್ಕಟ್ಟಿನ ಜಾಗದ ಭಯ ಇರುವವರಿಗೆ ಅದು ತಕ್ಕದ್ದಲ್ಲ. ಉಳಿದವರು ಮೊದಲು ತಮ್ಮ ಊರಿನಲ್ಲೇ ಒಂದು ನಾಲ್ಕಂತಸ್ತಿನ ಕಟ್ಟಡವನ್ನು ನಿಲ್ಲದೆ, ಎದೆ ಬಿಗಿಯದೆ ಹತ್ತಿ ನೋಡಬೇಕು.

ಅವರ ಮಗಳ ಮನೆ ನಾಲ್ಕನೆಯ ಅಂತಸ್ತಿನಲ್ಲಿದೆಯಂತೆ. ಹೋದ ತಿಂಗಳಿನಿಂದ ಲಿಫ್ಟ್ ಬಿಟ್ಟಿದ್ದಾರೆ. ಎರಡನೆಯ ಅಂತಸ್ತಿನಲ್ಲಿ ಒಮ್ಮೆ ನಿಲ್ಲಬೇಕಾಗುತ್ತದೆ ಎಂದು ನೋಟ್‌ಬುಕ್ ತೆರೆದು ತೋರಿಸಿದರು.